ಊಟದ ಉಸಾಬರಿ ನಗರಪಾಲಿಕೆಗೆ ಯಾಕೆ?

ಈ ವಾರದ ಸಂಚಿಕೆಯ ಬರಹ ರೂಪ ಇದು. ಕೇಳೋಕೆ ಪುರುಸೊತ್ತಿಲ್ಲದವರು ಇಲ್ಲೇ ಓದಿಕೊಳ್ಳಬಹುದು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇವೆ.



ಒಂದು ಪ್ರಶ್ನೆಯಿಂದ ಶುರು ಮಾಡೋಣ. 2023ರ ಜುಲೈನಲ್ಲಿ ಟೊಮೆಟೊ ಕೆ.ಜಿ.ಗೆ ನೂರು ರೂಪಾಯಿ ದಾಟಿತ್ತು, ನೆನಪಿದೆಯಾ? ಆಗ ನಾವು ಯಾರನ್ನೆಲ್ಲ ಬೈದ್ವಿ? ಮಳೆಯನ್ನ ಬೈದ್ವಿ, ದಲ್ಲಾಳಿಗಳನ್ನ ಬೈದ್ವಿ, ರಾಜ್ಯ ಸರ್ಕಾರ, ಕೇಂದ್ರ ಸರ್ಕಾರ ಎರಡನ್ನೂ ಬೈದ್ವಿ. ಆದರೆ ನಮ್ಮ ವಾರ್ಡಿನ ಕಾರ್ಪೊರೇಟರ್‌ಗೆ ಫೋನ್ ಮಾಡಿ, "ಏನ್ ಸಾರ್, ತರಕಾರಿ ಇಷ್ಟು ದುಬಾರಿ ಆಗಿದೆ, ನೀವೇನು ಮಾಡ್ತಿದ್ದೀರಾ?" ಅಂತ ಯಾರಾದರೂ ಕೇಳಿದ್ರಾ? ಇಲ್ಲ. ಬೆಂಗಳೂರಿನವರಿಗಂತೂ ಆಗ ಕೇಳೋಕೆ ಕಾರ್ಪೊರೇಟರೇ ಇರಲಿಲ್ಲ, ಆ ಮಾತು ಆಮೇಲೆ ಬರುತ್ತೆ.

ಬೀದಿದೀಪ ಕೆಟ್ಟರೆ ಪಾಲಿಕೆ. ಚರಂಡಿ ಕಟ್ಟಿಕೊಂಡರೆ ಪಾಲಿಕೆ. ಕಸದ ಗಾಡಿ ಬರದಿದ್ದರೆ ಪಾಲಿಕೆ. ಊಟದ ವಿಷಯ ಬಂದಾಗ ಮಾತ್ರ ಪಾಲಿಕೆಯ ಹೆಸರೇ ನಮ್ಮ ತಲೆಗೆ ಬರಲ್ಲ. ಸಹಜ. ಪಾಲಿಕೆಗೆ ಹೊಲ ಇಲ್ಲ, ಅಕ್ಕಿ ಗೋದಾಮಿಲ್ಲ, ಗೊಬ್ಬರದ ಸಬ್ಸಿಡಿ ಕೊಡೋ ಅಧಿಕಾರವೂ ಇಲ್ಲ. ಹಾಗಿದ್ದ ಮೇಲೆ ಊಟದ ಉಸಾಬರಿ ಅದಕ್ಕೆ ಯಾಕೆ?

ಈ ಪ್ರಶ್ನೆಗೆ ಉತ್ತರ ಹುಡುಕೋಕೆ ಇವತ್ತು ಸ್ವಲ್ಪ ದೂರ ಹೋಗಿ ಬರೋಣ. ಬ್ರೆಜಿಲ್ ದೇಶದ ಒಂದು ನಗರಕ್ಕೆ.

1993ರಲ್ಲಿ ಎರಡು ದೇಶ, ಎರಡು ದಾರಿ

ಬೆಲೊ ಹೊರಿಜಾಂಟೆ. ಹೆಸರಿನ ಅರ್ಥ 'ಸುಂದರ ದಿಗಂತ'. ಬ್ರೆಜಿಲ್‌ನ ಮಿನಾಸ್ ಜೆರೈಸ್ ರಾಜ್ಯದ ರಾಜಧಾನಿ. ನಮ್ಮ ಚಂಡೀಗಢದ ಥರ ಮೊದಲೇ ನಕ್ಷೆ ಹಾಕಿ ಕಟ್ಟಿದ ಊರು, 1897ರಲ್ಲಿ ಉದ್ಘಾಟನೆಯಾಯಿತು. ಈಗ ಅಲ್ಲಿನ ಜನಸಂಖ್ಯೆ ಸುಮಾರು 23 ಲಕ್ಷ. ಲೆಕ್ಕಕ್ಕೆ ಹೇಳಬೇಕು ಅಂದ್ರೆ, ಬೆಂಗಳೂರಿಗಿಂತ ತುಂಬಾ ಚಿಕ್ಕದು, ಮೈಸೂರಿಗಿಂತ ದೊಡ್ಡದು.

1990ರ ದಶಕದ ಶುರುವಿನಲ್ಲಿ ಬ್ರೆಜಿಲ್ ಪರಿಸ್ಥಿತಿ ಚೆನ್ನಾಗಿರಲಿಲ್ಲ. ಹಣದುಬ್ಬರ ಎಷ್ಟಿತ್ತು ಅಂದ್ರೆ ಬೆಳಿಗ್ಗೆ ಇದ್ದ ಬೆಲೆ ಸಂಜೆಗೆ ಇರ್ತಿರಲಿಲ್ಲ. ದೇಶದಲ್ಲಿ ಬೆಳೆ ಬೇಕಾದಷ್ಟು ಬೆಳೀತಿತ್ತು, ಕಾಫಿ, ಸೋಯಾ, ಮಾಂಸ ಹೊರದೇಶಕ್ಕೆ ಹೋಗ್ತಿತ್ತು. ಆದರೂ ನಗರಗಳ ಅಂಚಿನ ಕೊಳೆಗೇರಿಗಳಲ್ಲಿ ಮಕ್ಕಳು ಹಸಿದು ಮಲಗ್ತಿದ್ವು. 1993ರಲ್ಲಿ ಹರ್ಬರ್ಟ್ ಡಿ ಸೋಜಾ ಎಂಬ ಸಮಾಜಶಾಸ್ತ್ರಜ್ಞರ ಮುಂದಾಳತ್ವದಲ್ಲಿ ಹಸಿವಿನ ವಿರುದ್ಧ ದೊಡ್ಡ ಜನಾಂದೋಲನವೇ ಶುರುವಾಯಿತು. ಜನ ಅವರನ್ನ ಪ್ರೀತಿಯಿಂದ 'ಬೆಟಿಞೊ' ಅಂತ ಕರೀತಿದ್ರು.

ಅದೇ ವರ್ಷ ಬೆಲೊ ಹೊರಿಜಾಂಟೆಗೆ ಪಾಟ್ರುಸ್ ಅನಾನಿಯಾಸ್ ಮೇಯರ್ ಆದರು. ಅವರ ಆಡಳಿತ ಮಾಡಿದ ಮೊದಲ ಕೆಲಸಗಳಲ್ಲಿ ಒಂದು: ಒಳ್ಳೆಯ ಆಹಾರ ಪ್ರತಿ ನಾಗರಿಕನ ಹಕ್ಕು, ಅದನ್ನ ತಲುಪಿಸೋದು ಪಾಲಿಕೆಯ ಕರ್ತವ್ಯ ಅಂತ ಒಪ್ಪಿಕೊಂಡಿದ್ದು. ಬರೀ ಭಾಷಣದಲ್ಲಲ್ಲ. 1993ರ ಜುಲೈನಲ್ಲಿ ಒಂದು ಸ್ಥಳೀಯ ಕಾನೂನು ಮಾಡಿ, ಪಾಲಿಕೆಯೊಳಗೇ ಆಹಾರ ಪೂರೈಕೆಗೆ ಅಂತ ಪ್ರತ್ಯೇಕ ಇಲಾಖೆ ತೆರೆದರು. ಅದಕ್ಕೆ ಸಿಬ್ಬಂದಿ ಕೊಟ್ಟರು, ಬಜೆಟ್ ಕೊಟ್ಟರು. ರೈತರು, ಕಾರ್ಮಿಕ ಸಂಘಗಳು, ವ್ಯಾಪಾರಿಗಳು, ಚರ್ಚ್ ಪ್ರತಿನಿಧಿಗಳು ಕೂತು ಸಲಹೆ ಕೊಡೋಕೆ ಒಂದು ಮಂಡಳಿಯನ್ನೂ ಮಾಡಿದರು.

ಈಗ ಅದೇ ವರ್ಷ ನಮ್ಮ ದೇಶದಲ್ಲಿ ಏನಾಯ್ತು ನೋಡಿ. 1993ರ ಏಪ್ರಿಲ್‌ನಲ್ಲಿ ಸಂವಿಧಾನದ 73ನೇ ತಿದ್ದುಪಡಿ, ಜೂನ್‌ನಲ್ಲಿ 74ನೇ ತಿದ್ದುಪಡಿ ಜಾರಿಗೆ ಬಂದವು. ಮೊದಲನೆಯದು ಪಂಚಾಯಿತಿಗಳಿಗೆ, ಎರಡನೆಯದು ನಗರಸಭೆ, ಪಾಲಿಕೆಗಳಿಗೆ ಬಲ ಕೊಡೋಕೆ. ಎರಡಕ್ಕೂ ಒಂದೊಂದು ಕೆಲಸದ ಪಟ್ಟಿ ಇದೆ. ಪಂಚಾಯಿತಿ ಪಟ್ಟಿ ಅಂದ್ರೆ 11ನೇ ಅನುಸೂಚಿ, ಅದರಲ್ಲಿ 29 ವಿಷಯ. ಕೃಷಿ ಇದೆ, ಹೈನುಗಾರಿಕೆ ಇದೆ, ಸಂತೆ ಮತ್ತು ಜಾತ್ರೆ ಇದೆ, ಪಡಿತರ ವಿತರಣೆಯೂ ಇದೆ.

ನಗರಗಳ ಪಟ್ಟಿ ಅಂದ್ರೆ 12ನೇ ಅನುಸೂಚಿ. ಅದರಲ್ಲಿ 18 ವಿಷಯ. ರಸ್ತೆ, ನೀರು, ಕಸ, ಸಾರ್ವಜನಿಕ ಆರೋಗ್ಯ, ಕೊಳೆಗೇರಿ ಸುಧಾರಣೆ, ಉದ್ಯಾನ, ಸ್ಮಶಾನ, ಬೀದಿದೀಪ. ಕಸಾಯಿಖಾನೆಯ ನಿಯಂತ್ರಣವೂ ಇದೆ. ಆದರೆ 'ಆಹಾರ' ಅನ್ನೋ ಪದ ಇಲ್ಲ. ಹಳ್ಳಿಗೆ ಅನ್ನದ ಜವಾಬ್ದಾರಿ ಬರೆದವರು ನಗರಕ್ಕೆ ಬರೆಯಲಿಲ್ಲ. ನಗರದವರು ಹೇಗೂ ದುಡಿದು, ಕೊಂಡು ತಿಂತಾರೆ ಅನ್ನೋ ಊಹೆ ಇದರ ಹಿಂದೆ ಇರಬಹುದು. ನಗರದಲ್ಲಿ ದುಡಿದರೂ ಹೊಟ್ಟೆ ತುಂಬ ಕೊಂಡು ತಿನ್ನೋಕಾಗದವರು ಎಷ್ಟು ಜನ ಇದ್ದಾರೆ ಅನ್ನೋದು ಕೋವಿಡ್ ಲಾಕ್‌ಡೌನ್‌ನಲ್ಲಿ ನಮಗೆಲ್ಲ ಕಣ್ಣಿಗೆ ಬಿತ್ತು.

ಪಾಲಿಕೆ ಕೈಲಿ ಏನಿದೆ?

ಸರಿ, ಬೆಲೊ ಹೊರಿಜಾಂಟೆಯ ಹೊಸ ಇಲಾಖೆಗೂ ಹೊಲ ಇರಲಿಲ್ಲ. ಅವರು ತಮ್ಮ ಕೈಲಿ ಏನಿಲ್ಲ ಅಂತ ಕೂರದೆ ಏನಿದೆ ಅಂತ ಲೆಕ್ಕ ಹಾಕಿದರು. ಜನ ಓಡಾಡೋ ಜಾಗಗಳಲ್ಲಿ ಪಾಲಿಕೆಯ ಖಾಲಿ ನಿವೇಶನ, ಫುಟ್‌ಪಾತ್, ಚೌಕ ಇವೆ. ಅಂಗಡಿಗೆ ಲೈಸೆನ್ಸ್ ಕೊಡೋ ಅಧಿಕಾರ ಇದೆ. ಶಾಲೆ, ಆಸ್ಪತ್ರೆಗೆ ದಿನಾ ಆಹಾರ ಕೊಳ್ಳೋ ಖರೀದಿ ಇದೆ. ಒಂದು ಮಾಹಿತಿಯನ್ನ ಇಡೀ ಊರಿಗೆ ತಲುಪಿಸೋ ಶಕ್ತಿ ಇದೆ. ಇಷ್ಟನ್ನೇ ಇಟ್ಟುಕೊಂಡು ಅವರು ಏನೇನು ಮಾಡಿದರು ಅಂತ ಒಂದೊಂದಾಗಿ ನೋಡೋಣ.

ಮೊದಲನೆಯದು ಜನತಾ ಹೋಟೆಲ್. 1994ರಲ್ಲಿ ಊರಿನ ನಡುಮಧ್ಯೆ ಪಾಲಿಕೆಯೇ ಒಂದು ದೊಡ್ಡ ಊಟದ ಮನೆ ತೆರೆಯಿತು, ಮುಂದೆ ಇನ್ನಷ್ಟು ಬಂದವು. ಅನ್ನ, ಹುರುಳಿಕಾಯಿ ಜಾತಿಯ ಕಾಳಿನ ಸಾರು, ಮಾಂಸ, ತರಕಾರಿ, ಹಣ್ಣು. ಪೌಷ್ಟಿಕಾಂಶ ತಜ್ಞರು ಕೂತು ಮೆನು ಮಾಡ್ತಾರೆ. ಬೆಲೆ ತುಂಬಾ ಕಡಿಮೆ, ಆದರೆ ಉಚಿತ ಅಲ್ಲ. ಮುಖ್ಯ ವಿಷಯ ಇನ್ನೊಂದಿದೆ. ಯಾರು ಬೇಕಾದರೂ ಬಂದು ತಿನ್ನಬಹುದು. ಬಡವ ಅಂತ ತೋರಿಸೋ ಕಾರ್ಡ್ ಬೇಕಿಲ್ಲ. ಕೂಲಿಯವನ ಪಕ್ಕ ಬ್ಯಾಂಕ್ ನೌಕರ, ಅವನ ಪಕ್ಕ ಕಾಲೇಜು ಹುಡುಗಿ, ಎದುರಿಗೆ ನಿವೃತ್ತ ಮೇಷ್ಟ್ರು. ಎಲ್ಲರೂ ಬರೋ ಜಾಗದಲ್ಲಿ ನಾಚಿಕೆ ಇರಲ್ಲ. ಎಲ್ಲರೂ ತಿನ್ನೋ ಊಟದ ಗುಣಮಟ್ಟ ಕೆಟ್ಟರೆ ಗಲಾಟೆಯೂ ಬೇಗ ಆಗುತ್ತೆ. ಈ ಹೋಟೆಲ್‌ಗಳೆಲ್ಲ ಸೇರಿ ದಿನಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಊಟ ಬಡಿಸೋ ಮಟ್ಟಕ್ಕೆ ಬೆಳೆದವು.

ಎರಡನೆಯದು ನನಗೆ ತುಂಬಾ ಇಷ್ಟವಾದದ್ದು. ತರಕಾರಿ ಅಂಗಡಿ. ಜನಜಂಗುಳಿ ಇರೋ ಜಾಗದಲ್ಲಿ ಪಾಲಿಕೆಯ ನಿವೇಶನಗಳನ್ನ ಖಾಸಗಿ ವ್ಯಾಪಾರಿಗಳಿಗೆ ಟೆಂಡರ್ ಮೂಲಕ ಕೊಟ್ಟರು. ಆದರೆ ಷರತ್ತು ಹಾಕಿದರು. ಸುಮಾರು 20 ಬಗೆಯ ತರಕಾರಿ, ಹಣ್ಣನ್ನ ಪಾಲಿಕೆ ಹೇಳಿದ ಬೆಲೆಗೇ ಮಾರಬೇಕು. ಆ ಬೆಲೆ ಮಾರುಕಟ್ಟೆಯ ಬೆಲೆಗಿಂತ ಸಾಕಷ್ಟು ಕಡಿಮೆ. ಉಳಿದ ಸಾಮಾನನ್ನ ನಿಮ್ಮಿಷ್ಟದ ಬೆಲೆಗೆ ಮಾರಿಕೊಳ್ಳಿ, ನಮ್ಮ ತಕರಾರಿಲ್ಲ. ಒಳ್ಳೇ ಜಾಗ ಸಿಕ್ಕವರಿಗೆ ಇನ್ನೊಂದು ಷರತ್ತು: ವಾರಾಂತ್ಯದಲ್ಲಿ ಲಾರಿಯಲ್ಲಿ ತರಕಾರಿ ತುಂಬಿಕೊಂಡು, ಅಂಗಡಿಗಳೇ ಇಲ್ಲದ ಬಡ ಬಡಾವಣೆಗಳಿಗೆ ಹೋಗಿ ಅದೇ ಬೆಲೆಗೆ ಮಾರಿ ಬರಬೇಕು.

ಇಲ್ಲಿ ಪಾಲಿಕೆ ವ್ಯಾಪಾರಿಗೆ ಸಬ್ಸಿಡಿ ಕೊಡಲಿಲ್ಲ, ಒಳ್ಳೆಯ ಜಾಗ ಕೊಟ್ಟಿತು ಅಷ್ಟೆ. ಜಾಗ ಚೆನ್ನಾಗಿದ್ದರೆ ಗಿರಾಕಿ ತಾನಾಗೇ ಬರ್ತಾರೆ, ಲಾಭ ಆಗುತ್ತೆ. ಆ ಲಾಭದ ಒಂದು ಪಾಲನ್ನ ಅಗ್ಗದ ತರಕಾರಿಯ ರೂಪದಲ್ಲಿ ಊರಿಗೆ ವಾಪಸ್ ಕೊಡಿ ಅನ್ನೋದು ಒಪ್ಪಂದ.

ಮೂರನೆಯದು ರೈತರಿಗೆ. 'ಹೊಲದಿಂದ ನೇರ' ಅನ್ನೋ ಅರ್ಥದ ಹೆಸರಿನ ಯೋಜನೆಯಲ್ಲಿ, ಸುತ್ತಮುತ್ತಲ ಸಣ್ಣ ರೈತ ಕುಟುಂಬಗಳಿಗೆ ನಗರದೊಳಗೆ ನಿಗದಿತ ಜಾಗ ಕೊಟ್ಟರು. ಮಧ್ಯವರ್ತಿ ಇಲ್ಲದಿದ್ದರೆ ರೈತನಿಗೂ ನಾಲ್ಕು ಕಾಸು ಹೆಚ್ಚು, ಕೊಳ್ಳೋರಿಗೂ ಬೆಲೆ ಕಡಿಮೆ. ತರಕಾರಿ ಪ್ರಯಾಣ ಮಾಡೋ ದೂರವೂ ಕಡಿಮೆ, ದಾರಿಯಲ್ಲಿ ಕೊಳೆತು ಹಾಳಾಗೋದೂ ಕಡಿಮೆ.

ನಾಲ್ಕನೆಯದಕ್ಕೆ ಖರ್ಚೇ ಇಲ್ಲ ಅನ್ನಬಹುದು. ವಿಶ್ವವಿದ್ಯಾಲಯದ ಜೊತೆ ಸೇರಿ ಹತ್ತಾರು ಸೂಪರ್‌ಮಾರ್ಕೆಟ್‌ಗಳಲ್ಲಿ ಸುಮಾರು 45 ದಿನಬಳಕೆ ಸಾಮಾನಿನ ಬೆಲೆ ಸಮೀಕ್ಷೆ ಮಾಡಿ, ಎಲ್ಲಿ ಏನು ಅಗ್ಗ ಅನ್ನೋ ಪಟ್ಟಿಯನ್ನ ಬಸ್ ನಿಲ್ದಾಣಗಳಲ್ಲಿ ಅಂಟಿಸ್ತಿದ್ರು, ರೇಡಿಯೋ, ಪತ್ರಿಕೆಗಳಲ್ಲೂ ಹೇಳ್ತಿದ್ರು. ಸ್ಮಾರ್ಟ್‌ಫೋನ್ ಇಲ್ಲದ ಕಾಲದಲ್ಲಿ ಇದು! ಬೆಲೆ ಎಲ್ಲರಿಗೂ ಗೊತ್ತಾದಾಗ ದುಬಾರಿ ಮಾರೋನಿಗೆ ತಾನಾಗೇ ಬಿಸಿ ತಟ್ಟುತ್ತೆ.

ಇದರ ಜೊತೆಗೆ ಶಾಲೆಯ ಊಟ, ಶಾಲಾ ಕೈತೋಟ, ಅಡುಗೆ ಮತ್ತು ಪೋಷಣೆಯ ತರಬೇತಿ ಎಲ್ಲವೂ ಒಂದೇ ಇಲಾಖೆಯ ಕೆಳಗೆ ಬಂದವು.

ಖರ್ಚೆಷ್ಟು, ಫಲವೇನು?

ಈಗ ನಿಮ್ಮಲ್ಲಿ ಕೆಲವರಿಗೆ ಅನ್ನಿಸ್ತಿರಬಹುದು, ಇದೆಲ್ಲ ಕೇಳೋಕೆ ಚೆಂದ, ದುಡ್ಡು ಎಲ್ಲಿಂದ? ನ್ಯಾಯವಾದ ಪ್ರಶ್ನೆ. ಈ ಎಲ್ಲ ಕಾರ್ಯಕ್ರಮಕ್ಕೆ ಆ ನಗರ ಖರ್ಚು ಮಾಡ್ತಿದ್ದದ್ದು ತನ್ನ ಬಜೆಟ್‌ನ ಶೇ 2ಕ್ಕಿಂತ ಕಡಿಮೆ. ಅಷ್ಟರಲ್ಲಿ ಮುಗಿಯೋಕೆ ಕಾರಣ ಈಗಾಗಲೇ ಹೇಳಿದ್ದೇ: ಹೆಚ್ಚಿನ ಕಡೆ ಪಾಲಿಕೆ ದುಡ್ಡಿನ ಬದಲು ಜಾಗವನ್ನ, ನಿಯಮವನ್ನ, ಮಾಹಿತಿಯನ್ನ ಬಳಸಿತು.

ಮುಂದಿನ ಹತ್ತು ಹನ್ನೆರಡು ವರ್ಷದಲ್ಲಿ ಆ ನಗರದ ಶಿಶುಮರಣ ಪ್ರಮಾಣ ಅರ್ಧಕ್ಕಿಂತ ಕೆಳಗೆ ಇಳಿಯಿತು. ಪೂರ್ತಿ ಶ್ರೇಯಸ್ಸನ್ನ ಈ ಯೋಜನೆಗೇ ಕೊಡೋದು ಸರಿಯಲ್ಲ. ಅದೇ ಕಾಲದಲ್ಲಿ ಬ್ರೆಜಿಲ್‌ನಲ್ಲಿ ಆರೋಗ್ಯ ಸೇವೆಯೂ ಸುಧಾರಿಸಿತು, ಹಣದುಬ್ಬರವೂ ಹತೋಟಿಗೆ ಬಂತು. ಆದರೆ ಮಗು ಬದುಕೋದಕ್ಕೂ ತಾಯಿಯ ತಟ್ಟೆಯಲ್ಲಿ ಏನಿದೆ ಅನ್ನೋದಕ್ಕೂ ಸಂಬಂಧ ಇದೆ ಅಂತ ಯಾವ ಡಾಕ್ಟರನ್ನ ಕೇಳಿದರೂ ಹೇಳ್ತಾರೆ.

2009ರಲ್ಲಿ ವರ್ಲ್ಡ್ ಫ್ಯೂಚರ್ ಕೌನ್ಸಿಲ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ತನ್ನ ಮೊದಲ 'ಫ್ಯೂಚರ್ ಪಾಲಿಸಿ' ಪ್ರಶಸ್ತಿಯನ್ನ ಈ ನಗರದ ಕಾನೂನಿಗೆ ಕೊಟ್ಟಿತು. ಅದಕ್ಕಿಂತ ದೊಡ್ಡ ವಿಷಯ ಅಂದ್ರೆ ಈ ಅನುಭವ ದೇಶದ ಮಟ್ಟಕ್ಕೆ ಹೋಯಿತು. 2003ರಲ್ಲಿ ಅಧ್ಯಕ್ಷರಾದ ಲೂಲಾ 'ಶೂನ್ಯ ಹಸಿವು' ಕಾರ್ಯಕ್ರಮ ಶುರು ಮಾಡಿದರು. 2004ರಲ್ಲಿ ಹಳೇ ಮೇಯರ್ ಪಾಟ್ರುಸ್ ಅನಾನಿಯಾಸ್ ಸಾಮಾಜಿಕ ಅಭಿವೃದ್ಧಿ ಸಚಿವರಾದರು. 2009ರಲ್ಲಿ ಬಂದ ಕಾನೂನಿನ ಪ್ರಕಾರ, ಶಾಲಾ ಊಟಕ್ಕೆ ಕೇಂದ್ರ ಕೊಡೋ ಹಣದಲ್ಲಿ ಕನಿಷ್ಠ ಶೇ 30ರಷ್ಟನ್ನ ಸಣ್ಣ ರೈತ ಕುಟುಂಬಗಳಿಂದ ಖರೀದಿಗೇ ಬಳಸಬೇಕಿತ್ತು. 2010ರಲ್ಲಿ ಆಹಾರದ ಹಕ್ಕು ಸಂವಿಧಾನಕ್ಕೇ ಸೇರಿತು. 2014ರಲ್ಲಿ ವಿಶ್ವಸಂಸ್ಥೆಯ ಹಸಿವಿನ ನಕ್ಷೆಯಿಂದ ಬ್ರೆಜಿಲ್ ಹೊರಬಂತು.

ಕಥೆ ಇಲ್ಲಿಗೇ ಸುಖಾಂತ್ಯ ಆಗಲಿಲ್ಲ. 2019ರ ಜನವರಿಯಲ್ಲಿ ಅಧಿಕಾರಕ್ಕೆ ಬಂದ ಬೊಲ್ಸೊನಾರೊ ಸರ್ಕಾರ, ಮೊದಲ ದಿನವೇ ರಾಷ್ಟ್ರೀಯ ಆಹಾರ ಭದ್ರತಾ ಮಂಡಳಿಯನ್ನ ರದ್ದು ಮಾಡಿತು. ಮೇಲೆ ಕೋವಿಡ್ ಬಂತು. ಬ್ರೆಜಿಲ್ ಮತ್ತೆ ಹಸಿವಿನ ನಕ್ಷೆಗೆ ಬಿತ್ತು. 2023ರಲ್ಲಿ ಆ ಮಂಡಳಿ ವಾಪಸ್ ಬಂತು, 2025ರ ಜುಲೈನಲ್ಲಿ ದೇಶ ಮತ್ತೊಮ್ಮೆ ನಕ್ಷೆಯಿಂದ ಹೊರಬಂತು. ದೆಹಲಿಯಂಥ ದೂರದ ರಾಜಧಾನಿಯಲ್ಲಿ ಗಾಳಿ ಬದಲಾದಾಗಲೂ ಬೆಲೊ ಹೊರಿಜಾಂಟೆಯ ಜನತಾ ಹೋಟೆಲ್‌ಗಳು ನಡೀತಾನೇ ಇದ್ದವು. ಮೇಯರ್‌ಗಳು ಬದಲಾದರು, ಇಲಾಖೆಯ ಹೆಸರು ಬದಲಾಯಿತು, ಕೆಲವು ಯೋಜನೆ ಸೊರಗಿದ್ದೂ ಉಂಟು. ಆದರೆ ಊರಿನವರೇ ದಿನಾ ತಿನ್ನೋ ಊಟದ ಮನೆಯನ್ನ ಮುಚ್ಚೋದು ಯಾವ ಮೇಯರ್‌ಗೂ ಸುಲಭ ಅಲ್ಲ.

2015ರ ಅಕ್ಟೋಬರ್‌ನಲ್ಲಿ ಇಟಲಿಯ ಮಿಲಾನ್‌ನಲ್ಲಿ ನೂರಕ್ಕೂ ಹೆಚ್ಚು ನಗರಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಮಿಲಾನ್ ನಗರ ಆಹಾರ ನೀತಿ ಒಪ್ಪಂದ ಅಂತ ಅದರ ಹೆಸರು. ಈಗ ಆ ಸಂಖ್ಯೆ ಇನ್ನೂರು ದಾಟಿದೆ. ಆರೋಗ್ಯಕರ ಊಟ, ಪರಿಸರಕ್ಕೆ ಹೊರೆಯಾಗದ ಬೆಳೆ ಮತ್ತು ಸಾಗಣೆ, ಬೆಳೆಯೋರಿಗೂ ಮಾರೋರಿಗೂ ನ್ಯಾಯವಾದ ಪಾಲು, ಆಹಾರ ಪೋಲಾಗದಂತೆ ನೋಡಿಕೊಳ್ಳೋದು, ಇವೆಲ್ಲ ನಗರಾಡಳಿತದ ಕೆಲಸ ಅನ್ನೋದು ಅದರ ಸಾರ.

ನಮ್ಮ ಹತ್ರ ಏನೇನಿದೆ?

ಸರಿ, ಈಗ ವಾಪಸ್ ಊರಿಗೆ ಬರೋಣ. "ಅವರು ಮಾಡಿದ್ರು, ನಮ್ಮಲ್ಲಿ ಏನೂ ಇಲ್ಲ" ಅಂತ ಗೊಣಗೋ ಕಾರ್ಯಕ್ರಮ ಅಲ್ಲ ಇದು. ನಿಜ ಹೇಳಬೇಕು ಅಂದ್ರೆ, ಬೆಲೊ ಹೊರಿಜಾಂಟೆಯಲ್ಲಿ ಇರೋ ಬಹುತೇಕ ಬಿಡಿಭಾಗ ನಮ್ಮಲ್ಲೂ ಇದೆ.

ಜನತಾ ಹೋಟೆಲ್? ಚೆನ್ನೈ ಪಾಲಿಕೆ 2013ರಲ್ಲೇ ಅಮ್ಮ ಉಣವಗಂ ತೆರೆಯಿತು. ಇಡ್ಲಿಗೆ ಒಂದು ರೂಪಾಯಿ, ಸಾಂಬಾರ್ ಅನ್ನಕ್ಕೆ ಐದು. ಅಡುಗೆ ಮಾಡಿ ಬಡಿಸೋರು ಸ್ವಸಹಾಯ ಸಂಘದ ಮಹಿಳೆಯರು. ನಮ್ಮಲ್ಲಿ 2017ರ ಆಗಸ್ಟ್‌ನಲ್ಲಿ ಇಂದಿರಾ ಕ್ಯಾಂಟೀನ್ ಬಂತು. ತಿಂಡಿ ಐದು ರೂಪಾಯಿ, ಊಟ ಹತ್ತು ರೂಪಾಯಿ. ಇಲ್ಲೂ ಯಾರೂ ಕಾರ್ಡ್ ಕೇಳಲ್ಲ. ಆಟೊ ಓಡಿಸೋರು, ಸೆಕ್ಯುರಿಟಿ ಕೆಲಸದವರು, ಪಿ.ಜಿ.ಯಲ್ಲಿರೋ ಹುಡುಗರು, ಆಸ್ಪತ್ರೆಗೆ ಬಂದ ರೋಗಿಗಳ ಕಡೆಯವರು ಸಾಲಲ್ಲಿ ನಿಲ್ತಾರೆ.

ರೈತರಿಂದ ನೇರ ಮಾರಾಟ? ಅದರಲ್ಲಿ ನಾವು ಬೆಲೊ ಹೊರಿಜಾಂಟೆಯ ಆ ಯೋಜನೆಗಿಂತ ದಶಕಗಳಷ್ಟು ಮುಂದೆ. ತೋಟಗಾರಿಕೆಯ ಹಿರಿಯರಾದ ಡಾ. ಎಂ.ಎಚ್. ಮರಿಗೌಡರ ಪ್ರಯತ್ನದಿಂದ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಶುರುವಾದದ್ದೇ ಇವತ್ತಿನ ಹಾಪ್‌ಕಾಮ್ಸ್. ಫುಟ್‌ಪಾತ್ ಪಕ್ಕದ ಆ ಹಸಿರು ಮಳಿಗೆ ನಿಮಗೆ ಗೊತ್ತು.

ಬೀದಿ ವ್ಯಾಪಾರಿಗಳಿಗೆ ರಕ್ಷಣೆ? 2014ರ ಕೇಂದ್ರ ಕಾನೂನೇ ಇದೆ. ಐದು ವರ್ಷಕ್ಕೊಮ್ಮೆ ಸಮೀಕ್ಷೆ ಮಾಡಬೇಕು, ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡೋವರೆಗೂ ಯಾರನ್ನೂ ಎಬ್ಬಿಸುವಂತಿಲ್ಲ. ಎಲ್ಲಿ ವ್ಯಾಪಾರ, ಎಲ್ಲಿ ಬೇಡ ಅನ್ನೋದರ ಬಗ್ಗೆ ಪಟ್ಟಣ ವ್ಯಾಪಾರ ಸಮಿತಿಯ ಮಾತು ಕೇಳಬೇಕು. ಆ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದರಷ್ಟು ಮಹಿಳೆಯರು. ತಳ್ಳುಗಾಡಿಯ ಸೊಪ್ಪಿನವರು, ಫುಟ್‌ಪಾತ್‌ನ ಇಡ್ಲಿ ಗಾಡಿಯವರು ನಗರದ ಆಹಾರ ವ್ಯವಸ್ಥೆಯ ಬೆನ್ನೆಲುಬು. ಆದರೂ ಗಾಡಿ ಎತ್ತಿ ಲಾರಿಗೆ ಹಾಕೋ ದೃಶ್ಯ ನಾವು ಈಗಲೂ ನೋಡ್ತೀವಿ.

ಹಾಗಾದರೆ ಕೊರತೆ ಎಲ್ಲಿ? ಬಿಡಿಭಾಗಗಳು ಬೇರೆ ಬೇರೆ ಕಡೆ ಬಿದ್ದಿವೆ. ಕ್ಯಾಂಟೀನ್ ಪಾಲಿಕೆಯದು. ಹಾಪ್‌ಕಾಮ್ಸ್ ಸಹಕಾರಿ ಸಂಘ, ತೋಟಗಾರಿಕೆ ಇಲಾಖೆಯ ನಂಟು. ಎಪಿಎಂಸಿ ಇನ್ನೊಂದು ಇಲಾಖೆ. ಪಡಿತರ ಮತ್ತೊಂದು. ಬಿಸಿಯೂಟ ಶಿಕ್ಷಣ ಇಲಾಖೆ. ಫುಟ್‌ಪಾತ್ ಪಾಲಿಕೆಯದು, ಅಲ್ಲಿಂದ ಎಬ್ಬಿಸೋದು ಎಷ್ಟೋ ಸಲ ಪೊಲೀಸರು. ಹಸಿ ಕಸ ಯಾರ ಪಾಲಿಗೋ. ಇಡೀ ಊರಿನ ಊಟಕ್ಕೆ ನಾನು ಹೊಣೆ ಅನ್ನೋ ಒಂದು ಕುರ್ಚಿ ಇಲ್ಲ.

ಇದರ ಫಲ ಏನು ನೋಡಿ. ಇಂದಿರಾ ಕ್ಯಾಂಟೀನ್ ಖರ್ಚು ರಾಜ್ಯ ಸರ್ಕಾರ ಕೊಡಬೇಕಾ, ಪಾಲಿಕೆ ಕೊಡಬೇಕಾ ಅನ್ನೋ ಹಗ್ಗಜಗ್ಗಾಟ ವರ್ಷಗಟ್ಟಲೆ ನಡೆದಿದೆ. ಗುತ್ತಿಗೆದಾರರ ಬಿಲ್ ಬಾಕಿ ಅನ್ನೋ ಸುದ್ದಿ ಮತ್ತೆ ಮತ್ತೆ ಬಂದಿದೆ. ಬಿಲ್ ನಿಂತಾಗ ಮೊದಲು ತೆಳ್ಳಗಾಗೋದು ಸಾಂಬಾರು. ಸರ್ಕಾರ ಬದಲಾದಾಗ ಕ್ಯಾಂಟೀನ್ ಉಳಿಯುತ್ತಾ ಅನ್ನೋ ಚರ್ಚೆ ಬೇರೆ. ಕೇರಳದಲ್ಲೂ ಇಂಥದ್ದೇ ಆಯಿತು. ಅಲ್ಲಿ ಕುಟುಂಬಶ್ರೀ ಮಹಿಳೆಯರು ನಡೆಸೋ ಜನಕೀಯ ಹೋಟೆಲ್‌ಗಳಲ್ಲಿ 20 ರೂಪಾಯಿಗೆ ಊಟ ಸಿಗ್ತಿತ್ತು. 2023ರಲ್ಲಿ ರಾಜ್ಯ ಸರ್ಕಾರ ಸಬ್ಸಿಡಿ ನಿಲ್ಲಿಸಿತು, ಊಟ 30 ರೂಪಾಯಿ ಆಯಿತು, ಹೊರೆಯೆಲ್ಲ ಆ ಹೆಣ್ಣುಮಕ್ಕಳ ತಲೆಗೆ ಬಂತು.

ಸಂತೆಯ ಹರಾಜು ಹೇಳೋ ಕಥೆ

ಇನ್ನೊಂದು ಉದಾಹರಣೆ ಕೊಡ್ತೀನಿ. ಇದು ಸಣ್ಣ ಊರಿನ ಕೇಳುಗರಿಗೆ ಬೇಗ ಅರ್ಥ ಆಗುತ್ತೆ. ನಿಮ್ಮೂರಲ್ಲಿ ವಾರದ ಸಂತೆ ನಡೆಯುತ್ತಲ್ವಾ? ಸಂತೆ ಜಾಗ ಗ್ರಾಮ ಪಂಚಾಯಿತಿಯದೋ ಪುರಸಭೆಯದೋ ಆಗಿರುತ್ತೆ. ಅಲ್ಲಿ ಕೂತು ಮಾರೋರಿಂದ ಸುಂಕ ವಸೂಲಿ ಮಾಡೋ ಹಕ್ಕನ್ನ ವರ್ಷಕ್ಕೊಮ್ಮೆ ಹರಾಜು ಹಾಕ್ತಾರೆ. ಯಾರು ಹೆಚ್ಚು ದುಡ್ಡು ಕೂಗ್ತಾರೋ ಅವರಿಗೆ ಹಕ್ಕು. ಹರಾಜು ಹಿಡಿದವನು ತಾನು ಹಾಕಿದ ದುಡ್ಡು ತೆಗೀಬೇಕು, ಲಾಭವನ್ನೂ ಮಾಡಬೇಕು. ಅದು ಬರೋದು ಎಲ್ಲಿಂದ? ಎರಡು ಚೀಲ ಬದನೆಕಾಯಿ, ನಾಲ್ಕು ಕಟ್ಟು ಸೊಪ್ಪು ಇಟ್ಟುಕೊಂಡು ಕೂತ ಅಜ್ಜಿಯ ಸೆರಗಿನ ಗಂಟಿಂದ.

ಹರಾಜಿನ ಷರತ್ತಿನಲ್ಲಿ ನೆರಳಿಗೆ ಚಪ್ಪರ, ಕುಡಿಯೋ ನೀರು, ಹೆಣ್ಣುಮಕ್ಕಳಿಗೆ ಶೌಚಾಲಯ, ಉಳಿದ ತರಕಾರಿಯನ್ನ ಗೊಬ್ಬರ ಮಾಡೋ ವ್ಯವಸ್ಥೆ, ಇವುಗಳ ಮಾತು ಎಷ್ಟಿರುತ್ತೆ ಅಂತ ನಿಮ್ಮೂರಿನ ಸಂತೆಗೆ ಹೋದರೆ ಗೊತ್ತಾಗುತ್ತೆ.

ಈಗ ಬೆಲೊ ಹೊರಿಜಾಂಟೆಯ ತರಕಾರಿ ಅಂಗಡಿ ನೆನಪು ಮಾಡಿಕೊಳ್ಳಿ. ಅಲ್ಲೂ ಸಾರ್ವಜನಿಕ ಜಾಗ, ಅಲ್ಲೂ ಟೆಂಡರ್. ನಮ್ಮ ಹರಾಜು ಕೇಳೋದು "ನಮಗೆ ಎಷ್ಟು ಕೊಡ್ತೀಯಾ?" ಅಂತ. ಅವರ ಟೆಂಡರ್ ಕೇಳಿದ್ದು "ಜನಕ್ಕೆ ಎಷ್ಟಕ್ಕೆ ಕೊಡ್ತೀಯಾ?" ಅಂತ. ಆಹಾರ ನೀತಿ ಅಂದ್ರೆ ಏನೋ ದೊಡ್ಡ ದಾಖಲೆ ಅಂತ ಅಂದುಕೊಳ್ಳಬೇಡಿ. ಹರಾಜಿನ ಕಾಗದದಲ್ಲಿ ಸೇರೋ ನಾಲ್ಕು ಸಾಲೂ ಆಹಾರ ನೀತಿಯೇ. ಕ್ಯಾಂಟೀನ್ ಟೆಂಡರ್‌ನಲ್ಲಿ "ವಾರದಲ್ಲಿ ಇಷ್ಟು ಸಲ ರಾಗಿ, ಇಷ್ಟು ತರಕಾರಿ, ಅದರಲ್ಲಿ ಇಷ್ಟು ಪಾಲು ಹತ್ತಿರದ ಜಿಲ್ಲೆಯ ರೈತರ ಗುಂಪಿನಿಂದ" ಅಂತ ಒಂದು ಸಾಲು ಸೇರಿಸಿದರೆ, ತಿನ್ನೋರ ಆರೋಗ್ಯಕ್ಕೂ ಬೆಳೆಯೋರ ಜೇಬಿಗೂ ಅದು ತಲುಪುತ್ತೆ.

"ಇದೂ ಒಂದು ಬಿಟ್ಟಿ ಭಾಗ್ಯ ತಾನೇ?"

ಕಾಮೆಂಟ್‌ನಲ್ಲಿ ಈ ಪ್ರಶ್ನೆ ಬಂದೇ ಬರುತ್ತೆ, ಗೊತ್ತು. ಎರಡು ಮಾತು ಹೇಳ್ತೀನಿ.

ಒಂದು, ತೆರಿಗೆದಾರರ ದುಡ್ಡು ಎಲ್ಲಿ ಹೋಗುತ್ತೆ ಅಂತ ಕೇಳೋದು ತಪ್ಪಲ್ಲ, ಕೇಳಲೇಬೇಕು. ಆದರೆ ಪಾಲಿಕೆ ಈಗಲೂ ಆಹಾರದ ಮೇಲೆ ಖರ್ಚು ಮಾಡ್ತಾನೇ ಇದೆ. ಮಾರುಕಟ್ಟೆಯಲ್ಲಿ ಕೊಳೆತ ತರಕಾರಿಯನ್ನ, ಹೋಟೆಲ್, ಕಲ್ಯಾಣ ಮಂಟಪಗಳಲ್ಲಿ ಉಳಿದ ಅನ್ನವನ್ನ ಲಾರಿ ತುಂಬಿ ಊರಾಚೆ ಸುರಿಯೋಕೆ ದುಡ್ಡು ಕೊಡ್ತಿದೆ. ಆ ದುರ್ನಾತ ಪಕ್ಕದ ಹಳ್ಳಿಯವರ ಪಾಲಿಗೆ. ಇಂದೋರ್ ನಗರ ಇದೇ ಹಸಿ ಕಸವನ್ನ ಅನಿಲ ಮಾಡೋ ಘಟಕ ಕಟ್ಟಿ, 2022ರಲ್ಲಿ ಶುರು ಮಾಡಿತು. ದಿನಕ್ಕೆ 550 ಟನ್ ಹಸಿ ಕಸ ತೆಗೆದುಕೊಳ್ಳೋ ಸಾಮರ್ಥ್ಯ ಅದಕ್ಕಿದೆ. ಆ ಅನಿಲದಲ್ಲಿ ಸಿಟಿ ಬಸ್ ಓಡ್ತಿವೆ.

ಎರಡು, ಕಡಿಮೆ ಬೆಲೆಯ ಊಟ ಇಡೀ ನೀತಿಯ ಒಂದು ಭಾಗ ಮಾತ್ರ. ಜಾಗ, ಷರತ್ತು, ಖರೀದಿ, ಮಾಹಿತಿ ಇವೆಲ್ಲ ಸೇರಿದಾಗ ಊಟ ಅಗ್ಗ ಆಗೋದಕ್ಕೆ ಕಾರಣ ಬೇರೆಯೇ ಆಗುತ್ತೆ. ಕ್ಯಾಂಟೀನ್ ಮಾತ್ರ ಇಟ್ಟುಕೊಂಡು ಉಳಿದದ್ದನ್ನ ಬಿಟ್ಟರೆ ಅದು ವರ್ಷ ವರ್ಷ ಸಬ್ಸಿಡಿಗೆ ಕೈಚಾಚ್ತಾನೇ ಇರುತ್ತೆ.

ಈಗಲೇ ಯಾಕೆ ಈ ಮಾತು?

ಯಾಕಂದ್ರೆ ಸಮಯ ಅಂಥದ್ದು. ಬಿಬಿಎಂಪಿಯ ಚುನಾಯಿತ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಅಲ್ಲಿಂದ ಆಚೆ ಅದು ಇರೋವರೆಗೂ ನಡೆಸಿದ್ದು ಅಧಿಕಾರಿಗಳೇ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳು ಬಂದವು. ಐದು ಹೊಸ ಮನೆ ಕಟ್ಟಿದ ಹಾಗೆ. ಎಲ್ಲಿ ಯಾವ ಕೋಣೆ ಅಂತ ಇನ್ನೂ ತೀರ್ಮಾನ ಆಗೋ ಹಂತ. ಅಡುಗೆಮನೆಗೂ ಒಂದು ಕೋಣೆ ಇರಲಿ ಅಂತ ಹೇಳೋಕೆ ಇದೇ ಹೊತ್ತು. ಗೋಡೆ ಎದ್ದ ಮೇಲೆ ಒಡೆಯೋದು ಕಷ್ಟ.

ಕಾನೂನಿನ ಅಡ್ಡಿಯೇನೂ ದೊಡ್ಡದಿಲ್ಲ. 12ನೇ ಅನುಸೂಚಿಯಲ್ಲಿ 'ಆಹಾರ' ಅನ್ನೋ ಪದ ಇಲ್ಲದೇ ಇರಬಹುದು. ಸಾರ್ವಜನಿಕ ಆರೋಗ್ಯ ಇದೆ, ನಗರ ಬಡತನ ನಿವಾರಣೆ ಇದೆ, ದುರ್ಬಲರ ಹಿತ ಕಾಯೋದು ಇದೆ, ಕಸ ಇದೆ, ಭೂಬಳಕೆ ಇದೆ. ಇವು ಐದನ್ನ ಒಂದು ಮೇಜಿನ ಮೇಲೆ ಇಟ್ಟರೆ ಊಟದ ಖಾತೆ ತಾನಾಗೇ ರೆಡಿ.

ಹಾಗಾದರೆ ನೀವು ಏನು ಮಾಡಬಹುದು? ಪಾಲಿಕೆ ಚುನಾವಣೆಯಲ್ಲಿ ವೋಟು ಕೇಳೋಕೆ ಬಂದವರಿಗೆ ಗುಂಡಿ, ಕಸದ ಜೊತೆ ಇನ್ನು ಮೂರು ಪ್ರಶ್ನೆ ಕೇಳಿ. ನಮ್ಮ ವಾರ್ಡಿನಲ್ಲಿ ರೈತರು, ಬೀದಿ ವ್ಯಾಪಾರಿಗಳು ಕೂರೋಕೆ ಗುರುತಿಸಿದ ಜಾಗ ಎಲ್ಲಿದೆ? ನಮ್ಮ ಕ್ಯಾಂಟೀನ್‌ನ ಟೆಂಡರ್‌ನಲ್ಲಿ ಏನು ಬರೆದಿದೆ, ಬಿಲ್ ಸರಿಯಾಗಿ ಹೋಗ್ತಿದೆಯಾ? ನಮ್ಮ ಮಾರ್ಕೆಟ್‌ನ ಹಸಿ ಕಸ ಎಲ್ಲಿಗೆ ಹೋಗುತ್ತೆ? ಹಳ್ಳಿಯಲ್ಲಿರೋರು ಇದನ್ನೇ ಗ್ರಾಮಸಭೆಯಲ್ಲಿ ಕೇಳಬಹುದು, ಸಂತೆ ಹರಾಜಿಗೆ ಮುಂಚೆ ಕೇಳಿದರೆ ಇನ್ನೂ ಒಳ್ಳೇದು. ಬಾಯಲ್ಲಿ ಕೇಳಿ ಉತ್ತರ ಸಿಗದಿದ್ದರೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಇದ್ದೇ ಇದೆ. ಒಂದು ಇಂದಿರಾ ಕ್ಯಾಂಟೀನ್ ಊಟದ ಬೆಲೆ.

ನಿಮ್ಮೂರಿನ ಸಂತೆ ಅಥವಾ ಮಾರ್ಕೆಟ್ ಹೇಗಿದೆ, ಅಲ್ಲಿ ನೆರಳು, ನೀರು ಇದೆಯಾ ಅಂತ ನಮಗೆ ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆಗಳಲ್ಲಿ ಅವುಗಳಲ್ಲಿ ಕೆಲವನ್ನ ಕೇಳಿಸ್ತೀವಿ. ಅಲ್ಲಿವರೆಗೂ ಹೊಟ್ಟೆ ತುಂಬ ಊಟ ಮಾಡಿ, ಪಕ್ಕದವರದ್ದೂ ಆಯ್ತಾ ಅಂತ ವಿಚಾರಿಸಿ.